ನೀರಿಗೆ ಸಮುದ್ರ ಗೊತ್ತಿಲ್ಲ

ಲಡಾಖ್‌ನ ಲೇಹ್ ಊರಿನಿಂದ ಶ್ರೀನಗರದ ಕಡೆಗೆ ಸುಮಾರು 30 ಕಿಲೋಮೀಟರ್ ಹೋದರೆ ಒಂದು ಜಾಗ ಸಿಗುತ್ತದೆ. ಹೆಸರು ಮ್ಯಾಗ್ನೆಟಿಕ್ ಹಿಲ್. ರಸ್ತೆಯ ಮೇಲೆ ಒಂದು ಚೌಕ ಬರೆದಿದ್ದಾರೆ. ಅದರೊಳಗೆ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಬ್ರೇಕ್ ಬಿಟ್ಟರೆ ಗಾಡಿ ತಾನಾಗಿಯೇ ಏರು ಹತ್ತುತ್ತದೆ. ಹತ್ತಿದ ಹಾಗೆ ಕಾಣುತ್ತದೆ ಅನ್ನೋಣ. ಬೆಟ್ಟದೊಳಗೆ ದೊಡ್ಡ ಅಯಸ್ಕಾಂತ ಇದೆ, ಅದೇ ಎಳೆಯುತ್ತದೆ ಅಂತ ಬಂದವರೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.

ನಾನೂ ಹೋಗಿದ್ದೆ. ಬಾಡಿಗೆ ಗಾಡಿ, ಆರು ಜನ. ಗುಂಪಿನಲ್ಲಿ ವಿಜ್ಞಾನದ ಬಗ್ಗೆ ಬಾಯಿ ಬಿಡುವವನು ನಾನೊಬ್ಬನೇ. ಇದು ಕಣ್ಣಿನ ಮೋಸ, ಸುತ್ತಲಿನ ಬೆಟ್ಟಗಳು ವಾಲಿರುವ ರೀತಿಯಿಂದ ಇಳಿಜಾರು ಏರಿನಂತೆ ಕಾಣುತ್ತಿದೆ ಅಂತ ದಾರಿಯುದ್ದಕ್ಕೂ ಕೊರೆದಿದ್ದೆ. ಸಾಕ್ಷಿಗೆ ಅಂತ ಅರ್ಧ ನೀರಿದ್ದ ಬಾಟಲಿಯೊಂದನ್ನು ಎರಡು ಸೀಟುಗಳ ನಡುವೆ ಉದ್ದಕ್ಕೆ ಮಲಗಿಸಿಟ್ಟೆ. ಹೋಟೆಲಿನ ಎದುರು ಮಟ್ಟಸ ಜಾಗದಲ್ಲಿ ಮೊದಲೇ ನೋಡಿಕೊಂಡಿದ್ದೆ, ಎರಡೂ ತುದಿಯಲ್ಲಿ ನೀರು ಒಂದೇ ಎತ್ತರ. ಇಲ್ಲಿ ನಿಜಕ್ಕೂ ಇಳಿಜಾರಿದ್ದರೆ ಮುಂದಿನ ತುದಿಯಲ್ಲಿ ನೀರು ಜಾಸ್ತಿ ನಿಲ್ಲಬೇಕು.

ಬ್ರೇಕ್ ಬಿಟ್ಟರು. ಗಾಡಿ ಉರುಳಿತು. ಎಲ್ಲರೂ ಚಪ್ಪಾಳೆ. ನಾನು ಬಾಟಲಿ ನೋಡಿದೆ. ನೀರು ಹೆಚ್ಚುಕಡಿಮೆ ಹೋಟೆಲಿನ ಎದುರು ಇದ್ದ ಹಾಗೆಯೇ ಇತ್ತು. ‘ನೋಡಿ, ನಿಮ್ಮ ನೀರೇ ಹೇಳ್ತಿದೆ ಮಟ್ಟಸ ಅಂತ. ಹಾಗಾದ್ರೆ ಎಳೆದದ್ದು ಯಾರು?’ ಅಂತ ಹಿಂದಿನ ಸೀಟಿನಿಂದ ಪ್ರಶ್ನೆ ಬಂತು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಯಸ್ಕಾಂತದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಕಾರನ್ನು ಎಳೆಯುವಷ್ಟು ದೊಡ್ಡ ಅಯಸ್ಕಾಂತ ಅಲ್ಲಿದ್ದರೆ ಜೇಬಿನ ಕೀ ಗೊಂಚಲು ಮೊದಲು ಹಾರಬೇಕು. ಮೊಬೈಲಿನ ದಿಕ್ಸೂಚಿಗೆ ಹುಚ್ಚು ಹಿಡಿಯಬೇಕು. ಎರಡೂ ಆಗಲಿಲ್ಲ. ಅಲ್ಲಿಗೆ ಮುಗಿಯಿತು.

ನನ್ನನ್ನು ಕಾಡಿದ್ದು ‘ಎಳೆದದ್ದು ಯಾರು’ ಎಂಬ ಮಾತು. ಏನಾದರೂ ಅಲುಗಿದರೆ ಸಾಕು, ಅಲುಗಿಸಿದವರು ಯಾರು ಅಂತ ಹುಡುಕುವುದು ನಮಗೆ ರಕ್ತದಲ್ಲೇ ಬಂದಿದೆ. ನಮ್ಮ ಭಾಷೆಯೂ ಅದಕ್ಕೆ ತುಪ್ಪ ಸುರಿಯುತ್ತದೆ. ಯಾವುದೋ ‘ಶಕ್ತಿ’ ಎಳೆಯಿತು ಅನ್ನುತ್ತೇವೆ. ಮೈಯಲ್ಲಿ ‘ಶಕ್ತಿ’ ಇಲ್ಲ ಅನ್ನುತ್ತೇವೆ. ದೇವಿಯೂ ಶಕ್ತಿಯೇ. ಇತ್ತೀಚೆಗೆ ವಾಸ್ತು ಹೇಳುವವರು ಈಶಾನ್ಯದಿಂದ ಪಾಸಿಟಿವ್ ಎನರ್ಜಿ ಹರಿಯುತ್ತದೆ ಅನ್ನುತ್ತಾರೆ. ಎಷ್ಟು ಜೂಲ್ (ಶಕ್ತಿಯನ್ನು ಅಳೆಯುವ ಮಾನ) ಅಂತ ಕೇಳಿದರೆ ಮುಖ ಗಂಟಿಕ್ಕುತ್ತಾರೆ. ಭೌತಶಾಸ್ತ್ರದಲ್ಲಿ ಬಲ ಬೇರೆ, ಶಕ್ತಿ ಬೇರೆ. ಇವೆರಡರ ನಡುವಿನ ನಂಟು ಗೊತ್ತಾದರೆ ‘ಯಾರು ಎಳೆದರು’ ಎಂಬ ಪ್ರಶ್ನೆಯೇ ಅರ್ಧ ಕರಗುತ್ತದೆ.

ನಂಟು ಇಷ್ಟೇ. ಬಲ ಅಂದರೆ ಶಕ್ತಿಯ ಇಳಿಜಾರು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. 60 ಕೆಜಿ ತೂಗುವ ಒಬ್ಬ ಮನುಷ್ಯನನ್ನು ಮಂಗಳೂರಿನ ಕಡಲ ದಂಡೆಯಿಂದ ಅಲ್ಲಿಗೆ ಎತ್ತಬೇಕಾದರೆ 60ನ್ನು ಭೂಮಿಯ ಗುರುತ್ವದ ಅಂಕಿ 9.8ರಿಂದ, ಅದನ್ನು 900ರಿಂದ ಗುಣಿಸಿ. ಸುಮಾರು 5.3 ಲಕ್ಷ ಜೂಲ್. ಕೇಳಲು ದೊಡ್ಡದು, ಆದರೆ ಎರಡು ಮೂರು ಇಡ್ಲಿಯಲ್ಲಿ ಇರುವಷ್ಟೇ. ಈ ಶಕ್ತಿಯನ್ನು ಶಾಲೆಯ ಪುಸ್ತಕದಲ್ಲಿ ಪ್ರಚ್ಛನ್ನ ಶಕ್ತಿ ಅನ್ನುತ್ತಾರೆ, ಕೆಲವರು ವಿಭವ ಶಕ್ತಿ ಅನ್ನುತ್ತಾರೆ. (ವಿಭವ ಅಂದರೆ ನಮ್ಮಜ್ಜನಿಗೆ ಅರವತ್ತು ಸಂವತ್ಸರಗಳಲ್ಲಿ ಎರಡನೆಯದು.) ಬೆಂಗಳೂರಿನ ಪ್ರತಿಯೊಬ್ಬರ ಹತ್ತಿರವೂ ಈ ಲಕ್ಷಾಂತರ ಜೂಲ್ ಇದೆ. ಆದರೂ ಯಾರೂ ಮಂಗಳೂರಿನ ಕಡೆ ಜಾರುತ್ತಿಲ್ಲ. ನೆಲದ ಮೇಲಿಟ್ಟ ಗೋಲಿ ಅಲ್ಲೇ ಇರುತ್ತದೆ.

ಈಗ ಆಗುಂಬೆಗೆ ಬನ್ನಿ. ಅದು ಬೆಂಗಳೂರಿಗಿಂತ ತಗ್ಗಿನಲ್ಲಿದೆ. ಅಂದರೆ ಅಲ್ಲಿರುವವರ ಪ್ರಚ್ಛನ್ನ ಶಕ್ತಿ ಕಮ್ಮಿ. ಆದರೆ ಆಗುಂಬೆ ಘಾಟಿಯಲ್ಲಿ ಬ್ರೇಕ್ ಕೈಕೊಟ್ಟರೆ ಏನಾಗುತ್ತದೆ ಅಂತ ಆ ದಾರಿಯ ಬಸ್ ಚಾಲಕರನ್ನು ಕೇಳಿ. ಎಷ್ಟು ಎತ್ತರದಲ್ಲಿ ಇದ್ದೀರಿ ಅನ್ನುವುದು ನಿಮ್ಮನ್ನು ನೂಕುವುದಿಲ್ಲ. ಒಂದು ಹೆಜ್ಜೆ ಆಚೆ ಇಟ್ಟರೆ ಎಷ್ಟು ಇಳಿಯುತ್ತೀರಿ ಅನ್ನುವುದು ನೂಕುತ್ತದೆ.

ಲೆಕ್ಕ ಬೇಕಾ? 1000 ಕೆಜಿ ಕಾರು. 50 ಮೀಟರ್ ಹೋದರೆ 1 ಮೀಟರ್ ಇಳಿಯುವ ರಸ್ತೆ. ಕಾರು 1 ಮೀಟರ್ ಮುಂದೆ ಹೋದರೆ 2 ಸೆಂಟಿಮೀಟರ್ ಕೆಳಗೆ ಬರುತ್ತದೆ. ಅಷ್ಟರಲ್ಲಿ ಅದು 196 ಜೂಲ್ ಕಳೆದುಕೊಳ್ಳುತ್ತದೆ. ಮೀಟರಿಗೆ 196 ಜೂಲ್ ಅಂದರೆ 196 ನ್ಯೂಟನ್ ಬಲ. ಹೌದು, ನ್ಯೂಟನ್ ಅಂದರೆ ‘ಮೀಟರಿಗೆ ಇಷ್ಟು ಜೂಲ್’ ಅನ್ನುವುದಕ್ಕೆ ಇಟ್ಟ ಇನ್ನೊಂದು ಹೆಸರು. 20 ಕೆಜಿ ಅಕ್ಕಿ ಚೀಲವನ್ನು ಹಗ್ಗಕ್ಕೆ ಕಟ್ಟಿ, ರಾಟೆಯ ಮೇಲಿಂದ ಇಳಿಬಿಟ್ಟು ಕಾರನ್ನು ಎಳೆಸಿದರೆ ಎಷ್ಟೋ ಅಷ್ಟು. ಟೈರಿನ ತಡೆಯನ್ನು ಮೀರಿ ಕಾರು ಉರುಳಲು ಇದು ಸಾಕು. ಕಣ್ಣಿಗೆ ಮಾತ್ರ 50ಕ್ಕೆ 1 ಅನ್ನುವ ಇಳಿಜಾರು ಸುಲಭವಾಗಿ ಕಾಣುವುದಿಲ್ಲ.

ಘಾಟಿ ರಸ್ತೆ ಹಾವಿನ ಹಾಗೆ ಸುತ್ತುವುದೂ ಇದಕ್ಕೇ. ಇಳಿಯಬೇಕಾದ ಒಟ್ಟು ಎತ್ತರ ಬದಲಾಗುವುದಿಲ್ಲ, ಒಟ್ಟು ಜೂಲ್ ಅಷ್ಟೇ. ದಾರಿ ಉದ್ದ ಮಾಡಿದರೆ ಮೀಟರಿಗೆ ಬೀಳುವ ಪಾಲು ಕಮ್ಮಿ. ಪಾಲು ಕಮ್ಮಿಯಾದರೆ ಬಲ ಕಮ್ಮಿ, ಬ್ರೇಕಿಗೆ ಉಸಿರಾಡಲು ಜಾಗ.

ಪಿಯುಸಿಯಲ್ಲಿ ಇದನ್ನೇ ಒಂದು ಸೂತ್ರವಾಗಿ ಬರೆಸಿದ್ದರು. ಎಫ್ ಅಂದರೆ ಮೈನಸ್ ಡಿಯು ಬೈ ಡಿಎಕ್ಸ್. ಎಫ್ ಬಲ, ಯು ಪ್ರಚ್ಛನ್ನ ಶಕ್ತಿ, ಎಕ್ಸ್ ದೂರ. ಮೈನಸ್ ಯಾಕೆ ಅಂತ ಕೇಳಿದ್ದಕ್ಕೆ ನಮ್ಮ ಮೇಷ್ಟ್ರು ‘ಮೈನಸ್ ಹಾಕದಿದ್ರೆ ಅರ್ಧ ಮಾರ್ಕು ಹೋಗುತ್ತೆ, ಅದಕ್ಕೆ’ ಅಂದಿದ್ದರು. ಅರ್ಧ ಮಾರ್ಕಿನ ಆ ಗೆರೆಯಲ್ಲಿ ಇಡೀ ಕಥೆ ಇದೆ. ಶಕ್ತಿ ಯಾವ ಕಡೆ ಏರುತ್ತದೋ ಅದರ ವಿರುದ್ಧ ದಿಕ್ಕಿಗೆ ಬಲ. ಅಂದರೆ ಬಲ ಯಾವಾಗಲೂ ಇಳಿಜಾರಿನ ಕಡೆಗೆ. ಮೈನಸ್ ತೆಗೆದುಬಿಟ್ಟರೆ ಜೋಗದ ನೀರು ಮೇಲಕ್ಕೆ ಹಾರಬೇಕಾಗುತ್ತದೆ.

ನೀರಿನ ಮಾತು ಬಂತಲ್ಲ, ಕಾವೇರಿಯನ್ನೇ ನೋಡೋಣ. ತಲಕಾವೇರಿ ಇರುವುದು 1276 ಮೀಟರ್ ಎತ್ತರದಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆದರೆ ಅರಬ್ಬೀ ಸಮುದ್ರ ಬರೀ 50 ಕಿಲೋಮೀಟರ್. ಆದರೆ ಕಾವೇರಿ ಪೂರ್ವಕ್ಕೆ ತಿರುಗಿ ಸುಮಾರು 800 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿ ಸೇರುತ್ತಾಳೆ. ಯಾಕೆ? ‘ನದಿ ಸಮುದ್ರವನ್ನು ಹುಡುಕಿಕೊಂಡು ಹೋಗುತ್ತದೆ’ ಅಂತ ಕವಿಗಳು ಹೇಳಬಹುದು. ನೀರಿಗೆ ಸಮುದ್ರ ಗೊತ್ತಿಲ್ಲ. ಹತ್ತಿರದ ಸಮುದ್ರ ಯಾವುದು ಅಂತಲೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತನ್ನ ಕಾಲ ಕೆಳಗಿನ ಒಂದು ಗೇಣು ನೆಲ. ಆ ಗೇಣಿನಲ್ಲಿ ಯಾವ ಕಡೆ ತಗ್ಗು ಇದೆಯೋ ಆ ಕಡೆ ಒಂದು ಗೇಣು. ಮತ್ತೆ ಅಲ್ಲಿನ ತಗ್ಗು ನೋಡಿ ಇನ್ನೊಂದು ಗೇಣು. ಈ ಗೇಣುಗಳನ್ನು ಪೋಣಿಸುತ್ತಾ ಹೋದರೆ ಶ್ರೀರಂಗಪಟ್ಟಣ, ಶಿವನಸಮುದ್ರ, ತಿರುಚ್ಚಿ ಎಲ್ಲ ಬರುತ್ತವೆ. ಬೆಟ್ಟದ ನೆತ್ತಿಯ ಆ ಬದಿಗೆ ಬಿದ್ದ ಮಳೆಹನಿ ಒಂದೆರಡು ದಿನದಲ್ಲಿ ಕಾಸರಗೋಡಿನ ಕಡಲು ಸೇರಬಹುದು. ಈ ಬದಿಗೆ ಬಿದ್ದದ್ದು ತಂಜಾವೂರಿನ ಗದ್ದೆಗೆ.

ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾಗುವುದು ಇದೇ. ನಕ್ಷೆ ಇಡೀ ದೇಶದ್ದು, ಆದರೆ ಬಲ ಓದುವುದು ಒಂದು ಚುಕ್ಕೆಯ ಸುತ್ತಮುತ್ತ ಮಾತ್ರ.

ಇನ್ನೊಂದು ಚಿಕ್ಕ ಮಾತು. ರೈಲು ನಿಲ್ದಾಣದ ಹಳದಿ ಬೋರ್ಡಿನಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ಬರೆದಿರುತ್ತದೆ. ರಾತ್ರೋರಾತ್ರಿ ಯಾರೋ ಎಲ್ಲ ಬೋರ್ಡುಗಳ ಅಂಕಿಗೂ 100 ಕೂಡಿಸಿದರು ಅಂದುಕೊಳ್ಳಿ. ಯಾವ ರೈಲಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದು ಬೋರ್ಡಿಗೂ ಮುಂದಿನ ಬೋರ್ಡಿಗೂ ನಡುವಿನ ಅಂತರ ಮೊದಲಿನಷ್ಟೇ ಇದೆಯಲ್ಲ. ಪ್ರಚ್ಛನ್ನ ಶಕ್ತಿಯ ಸೊನ್ನೆಯನ್ನು ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು ಅನ್ನುವುದು ಇದಕ್ಕೇ. ‘ಇದರಲ್ಲಿ ಎಷ್ಟು ಶಕ್ತಿ ಅಡಗಿದೆ’ ಅನ್ನುವ ಪ್ರಶ್ನೆಗೆ ‘ಎಲ್ಲಿಂದ ಅಳೆದರೆ?’ ಅನ್ನುವುದೇ ಸರಿಯಾದ ಮರುಪ್ರಶ್ನೆ.

ಇಳಿಜಾರೇ ಬಲ ಅನ್ನುವುದನ್ನು ಕ್ಯಾಲ್ಕುಲಸ್ ಹುಟ್ಟುವ ಮೊದಲೇ, ಶಕ್ತಿ ಎಂಬ ಪದಕ್ಕೆ ಈಗಿನ ಅರ್ಥ ಬರುವ ಮೊದಲೇ ಒಬ್ಬ ಕಂಡಿದ್ದ. ಈಗಿನ ಬೆಲ್ಜಿಯಂನ ಬ್ರೂಜ್ ಎಂಬ ಊರಿನಲ್ಲಿ ಹುಟ್ಟಿದ ಸೈಮನ್ ಸ್ಟೆವಿನ್. 1586ರಲ್ಲಿ ತೂಕದ ಶಾಸ್ತ್ರದ ಬಗ್ಗೆ ಡಚ್ ಭಾಷೆಯಲ್ಲಿ ಪುಸ್ತಕ ಬರೆದ. ಪಂಡಿತರೆಲ್ಲ ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಜನರ ಮಾತಿನಲ್ಲಿ ಬರೆದ. ಅದಕ್ಕೇ ಅವನ ಮೇಲೆ ನನಗೆ ಎರಡು ಪಟ್ಟು ಪ್ರೀತಿ.

ಪುಸ್ತಕದ ಮುಖಪುಟದಲ್ಲಿ ಒಂದು ಚಿತ್ರ ಇದೆ. ಮನೆಯ ಮಾಡಿನಂಥ ಒಂದು ತ್ರಿಕೋನ. ಒಂದು ಬದಿ ಕಡಿದಾಗಿದೆ, ಗಿಡ್ಡ. ಇನ್ನೊಂದು ಬದಿ ಅದರ ಎರಡರಷ್ಟು ಉದ್ದ, ಹಾಗಾಗಿ ಓರೆ ಕಮ್ಮಿ. ಅದರ ಮೇಲೆ 14 ಗುಂಡುಗಳ ಒಂದು ಸರ ಹಾಕಿದ್ದಾನೆ, ಜಪಮಣಿಯ ಹಾಗೆ. ಗುಂಡುಗಳೆಲ್ಲ ಒಂದೇ ತೂಕ, ನಡುವಿನ ಅಂತರವೂ ಒಂದೇ. ಉದ್ದ ಬದಿಯ ಮೇಲೆ 4 ಗುಂಡು, ಗಿಡ್ಡ ಬದಿಯ ಮೇಲೆ 2. ಉಳಿದ 8 ಕೆಳಗೆ ತೋರಣದಂತೆ ಜೋತುಬಿದ್ದಿವೆ. ಸವಕಳಿ, ಘರ್ಷಣೆ ಯಾವುದೂ ಇಲ್ಲ ಅಂದುಕೊಳ್ಳಿ. ಸರ ಯಾವ ಕಡೆ ಜಾರುತ್ತದೆ?

4 ಗುಂಡು ಇರುವ ಕಡೆ ಭಾರ ಜಾಸ್ತಿ, ಆ ಕಡೆ ಅಂತ ಬಾಯಿಗೆ ಬರುತ್ತದೆ. ಸ್ಟೆವಿನ್ ತಡೆಯುತ್ತಾನೆ. ಸರ ಒಂದು ಗುಂಡಿನಷ್ಟು ಜಾರಿತು ಅನ್ನಿ. ಈಗ ಚಿತ್ರ ಹೇಗಿದೆ? ಮೊದಲಿನ ಹಾಗೇ ಇದೆ! ಒಂದು ಗುಂಡು ಆ ಬದಿಯಿಂದ ಕೆಳಗೆ ಹೋಯಿತು, ಇನ್ನೊಂದು ಈ ಬದಿಯಿಂದ ಮೇಲೆ ಬಂತು. ಮತ್ತೆ 4, ಮತ್ತೆ 2, ಮತ್ತೆ 8. ಮೊದಲ ಸಲ ಜಾರಲು ಕಾರಣ ಇದ್ದರೆ ಎರಡನೇ ಸಲವೂ ಇದೆ, ಮೂರನೇ ಸಲವೂ ಇದೆ. ಸರ ಪ್ರಳಯದ ತನಕ ಸುತ್ತುತ್ತಲೇ ಇರಬೇಕು. ಅದು ಆಗದ ಮಾತು ಅನ್ನುತ್ತಾನೆ ಅವನು. ಹಾಗಾದರೆ ಸರ ಅಲುಗುವುದಿಲ್ಲ. ಕೆಳಗಿನ ತೋರಣ ಎರಡೂ ಕಡೆಗೆ ಸಮನಾಗಿ ಎಳೆಯುತ್ತದೆ, ಅದನ್ನು ಕತ್ತರಿಸಿ ಬಿಸಾಡಿದರೂ ಏನೂ ಆಗದು. ಉಳಿದದ್ದು 4 ಗುಂಡಿಗೆ 2 ಗುಂಡು ಸಮ. ಅಂದರೆ ಉದ್ದ ಬದಿಯಲ್ಲಿ ಒಂದೊಂದು ಗುಂಡೂ ಎಳೆಯುವ ಬಲ, ಗಿಡ್ಡ ಬದಿಯ ಗುಂಡಿನ ಬಲದ ಅರ್ಧ. ಎತ್ತರ ಒಂದೇ, ದಾರಿ ಎರಡು ಪಟ್ಟು, ಬಲ ಅರ್ಧ. ಘಾಟಿ ರಸ್ತೆಯ ಲೆಕ್ಕವೇ ಇದು!

ಒಂದು ಅಳತೆ ಇಲ್ಲ, ಒಂದು ತಕ್ಕಡಿ ಇಲ್ಲ. ಸುಮ್ನೆ ಕೂತು ಯೋಚಿಸಿ ಹಿಡಿದದ್ದು. ಚಿತ್ರದ ಸುತ್ತ ಅವನು ಬರೆದದ್ದು ‘ಬೆರಗು, ಆದರೂ ಬೆರಗಲ್ಲ’ ಎಂಬರ್ಥದ ಡಚ್ ಮಾತು. ಮ್ಯಾಗ್ನೆಟಿಕ್ ಹಿಲ್‌ನ ಬೋರ್ಡಿಗೆ ಆ ಮಾತನ್ನು ಬರೆಸಬೇಕು ಅಂತ ನನ್ನ ಆಸೆ.

ತಾನೇ ತಿರುಗುವ ಯಂತ್ರದ ಆಸೆ ನಮ್ಮಲ್ಲೂ ಹಳೆಯದು. 1150ರಲ್ಲಿ ಭಾಸ್ಕರಾಚಾರ್ಯ ತನ್ನ ಸಿದ್ಧಾಂತ ಶಿರೋಮಣಿಯಲ್ಲಿ ಪಾದರಸ ತುಂಬಿದ ಟೊಳ್ಳು ಕಡ್ಡಿಗಳ ಚಕ್ರವೊಂದನ್ನು ವರ್ಣಿಸಿದ್ದಾನೆ. ಅದು ತಾನಾಗಿಯೇ ತಿರುಗುತ್ತದಂತೆ. ಅವನ ಊರು ನಮ್ಮ ವಿಜಯಪುರದ ಕಡೆಯದ್ದು ಅನ್ನುವವರೂ ಇದ್ದಾರೆ. ಗಣಿತದಲ್ಲಿ ಅವನ ಮುಂದೆ ಕೈ ಮುಗಿಯುತ್ತೇನೆ. ಆದರೆ ಈ ಚಕ್ರ ತಿರುಗುವುದಿಲ್ಲ. ಒಂದು ಸುತ್ತು ಮುಗಿದಾಗ ಪಾದರಸದ ಪ್ರತಿ ಹನಿಯೂ ಹೊರಟ ಎತ್ತರಕ್ಕೇ ಬಂದಿರುತ್ತದೆ. ಇಳಿದದ್ದೆಷ್ಟೋ ಏರಿದ್ದೂ ಅಷ್ಟೇ. ಉಳಿತಾಯ ಸೊನ್ನೆ, ಮೇಲಿಂದ ಘರ್ಷಣೆಯ ಖರ್ಚು ಬೇರೆ.

ಈಗ ಪಾದರಸದ ಜಾಗಕ್ಕೆ ಅಯಸ್ಕಾಂತ ಬಂದಿದೆ. ಫ್ಯಾನಿನ ರೆಕ್ಕೆಗೆ ನಾಲ್ಕು ಅಯಸ್ಕಾಂತ ಅಂಟಿಸಿ ‘ಕರೆಂಟಿಲ್ಲದೆ ತಿರುಗುವ ಮೋಟಾರು’ ಅಂತ ತೋರಿಸುವ ವಿಡಿಯೋಗಳು ವಾರಕ್ಕೊಂದು ನನ್ನ ವಾಟ್ಸ್ಆ್ಯಪ್‌ಗೆ ಬಂದು ಬೀಳುತ್ತವೆ. ಮೇಜಿನ ಕೆಳಗೆ ಬ್ಯಾಟರಿ ಎಲ್ಲಿದೆ ಅಂತ ಹುಡುಕಬೇಕಷ್ಟೇ. ಕಾಯಂ ಅಯಸ್ಕಾಂತಗಳ ನಡುವಿನ ಬಲಕ್ಕೂ ಒಂದು ಶಕ್ತಿಯ ನಕ್ಷೆ ಇದೆ, ಅದರಲ್ಲೂ ದಿಬ್ಬ ತಗ್ಗುಗಳಿವೆ. ಮನೆಯಿಂದ ಹೊರಟು ಎಷ್ಟೇ ಬೆಟ್ಟ ಹತ್ತಿ ಇಳಿದರೂ ವಾಪಸ್ ಮನೆಗೆ ಬಂದಾಗ ನಿಮ್ಮ ಎತ್ತರ ಹೊರಟಷ್ಟೇ ಇರುತ್ತದೆ, ಅಲ್ವಾ? ಒಂದು ಸುತ್ತು ಹಾಕಿ ಬಂದು ಎತ್ತರ ಗಳಿಸಿದೆ ಅನ್ನುವವನು ಸುಳ್ಳು ಹೇಳುತ್ತಿದ್ದಾನೆ.

ಘರ್ಷಣೆ ಮಾತ್ರ ಈ ಆಟಕ್ಕೆ ಸೇರದ ಹುಡುಗ. ಅದು ದಾರಿ ಉದ್ದವಾದಷ್ಟೂ ಜಾಸ್ತಿ ಕೀಳುತ್ತದೆ, ಹೋಗುವಾಗಲೂ ಕೀಳುತ್ತದೆ, ಬರುವಾಗಲೂ ಕೀಳುತ್ತದೆ. ಟೋಲ್ ಗೇಟಿನ ಹಾಗೆ. ಹಾಗಾಗಿ ಅದಕ್ಕೆ ಎತ್ತರದ ನಕ್ಷೆ ಬರೆಯಲು ಆಗುವುದಿಲ್ಲ.

ನಕ್ಷೆ ಅಂದೆನಲ್ಲ, ಅದರ ಹಿಂದೆಯೂ ಒಂದು ಬೆಟ್ಟ ಇದೆ. 1774ರಲ್ಲಿ ಇಂಗ್ಲೆಂಡಿನ ಖಗೋಳಶಾಸ್ತ್ರಿ ನೆವಿಲ್ ಮ್ಯಾಸ್ಕೆಲಿನ್ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟದ ಪಕ್ಕ ಡೇರೆ ಹಾಕಿದ. ಗಾರೆ ಮೇಸ್ತ್ರಿಗಳು ಗೋಡೆ ನೇರ ನೋಡಲು ಬಿಡುವ ತೂಕದ ಗುಂಡು ಇದೆಯಲ್ಲ, ಅದನ್ನು ಬೆಟ್ಟ ತನ್ನ ಕಡೆಗೆ ಎಷ್ಟು ಎಳೆಯುತ್ತದೆ ಅಂತ ಅಳೆಯುವುದು ಅವನ ಕೆಲಸ. ಅದರಿಂದ ಭೂಮಿಯ ಸಾಂದ್ರತೆ ಸಿಗುತ್ತದೆ. ಆದರೆ ಅದಕ್ಕೆ ಮೊದಲು ಬೆಟ್ಟದಲ್ಲೇ ಎಷ್ಟು ಕಲ್ಲಿದೆ ಅಂತ ಗೊತ್ತಾಗಬೇಕು. ಆ ಲೆಕ್ಕ ಚಾರ್ಲ್ಸ್ ಹಟನ್ ಎಂಬ ಗಣಿತಜ್ಞನ ಪಾಲಿಗೆ ಬಂತು. ಹಾಳೆಯ ತುಂಬ ಸಾವಿರಾರು ಎತ್ತರದ ಅಂಕಿಗಳು. ತಲೆ ಕೆಟ್ಟು, ಒಂದೇ ಎತ್ತರದ ಚುಕ್ಕೆಗಳನ್ನೆಲ್ಲ ಸೇರಿಸಿ ಗೆರೆ ಎಳೆದ. ಬೆಟ್ಟ ಹಾಳೆಯ ಮೇಲೆ ಎದ್ದು ಬಂತು. ಚಾರಣ ಹೋಗುವವರು ನೋಡುವ ಸಮಎತ್ತರದ ಗೆರೆಗಳು ಇವೇ. ಆ ಗೆರೆಯ ಗುಂಟ ನಡೆದರೆ ಏರೂ ಇಲ್ಲ, ಇಳಿತವೂ ಇಲ್ಲ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದು, ಬಲ ಜಾಸ್ತಿ. ದೂರ ದೂರ ಇದ್ದರೆ ಬಯಲು. ಬಲದ ದಿಕ್ಕು ಯಾವಾಗಲೂ ಗೆರೆಗೆ ಅಡ್ಡಲಾಗಿ. ಗುರುತ್ವದ ಬಲ ಅಳೆಯಲು ಹೋದವರ ಕೈಯಲ್ಲಿ ಗುರುತ್ವದ ಶಕ್ತಿಯ ನಕ್ಷೆಯೇ ಹುಟ್ಟಿತು. ಇದು ಅವರಿಗೆ ಹೊಳೆಯಿತೋ ಇಲ್ಲವೋ, ನನಗಂತೂ ಪ್ರತಿಸಲ ನೆನೆದಾಗ ಖುಷಿಯಾಗುತ್ತದೆ.

ಇದೇ ನಕ್ಷೆಯನ್ನು ವಿದ್ಯುತ್ತಿಗೆ ತಂದವರಲ್ಲಿ ದೊಡ್ಡವನು ಒಬ್ಬ ಗಿರಣಿಯವನು. ಜಾರ್ಜ್ ಗ್ರೀನ್. ನಾಟಿಂಗ್‌ಹ್ಯಾಮ್ ಹತ್ತಿರ ಅಪ್ಪನ ಗಾಳಿ ಗಿರಣಿಯಲ್ಲಿ ಹಿಟ್ಟು ಬೀಸುತ್ತಿದ್ದ. ಚಿಕ್ಕಂದಿನಲ್ಲಿ ಶಾಲೆಗೆ ಹೋದದ್ದು ಸುಮಾರು ಒಂದು ವರ್ಷ. 1828ರಲ್ಲಿ ತಾನೇ ಖರ್ಚು ಹೊಂದಿಸಿ ಒಂದು ಪ್ರಬಂಧ ಅಚ್ಚು ಹಾಕಿಸಿದ. ಈ ನಕ್ಷೆಯ ಎತ್ತರಕ್ಕೆ ‘ಪೊಟೆನ್ಶಿಯಲ್’ ಎಂಬ ಹೆಸರನ್ನು ಗಣಿತಕ್ಕೆ ತಂದದ್ದು ಅದೇ ಪ್ರಬಂಧ. ಕೊಂಡವರು 50 ಚಿಲ್ಲರೆ ಜನ, ಅರ್ಥವಾದವರು ಇನ್ನೂ ಕಮ್ಮಿ ಇರಬೇಕು. ಅವನು 1841ರಲ್ಲಿ ಸತ್ತ. 1845ರಲ್ಲಿ ಆ ಪ್ರಬಂಧ ವಿಲಿಯಂ ಥಾಮ್ಸನ್ ಕೈಗೆ ಸಿಕ್ಕಿತು, ಅವನೇ ಮುಂದೆ ಲಾರ್ಡ್ ಕೆಲ್ವಿನ್ ಆದವನು. ಅಲ್ಲಿಂದ ಜಗತ್ತಿಗೆ ತಿಳಿಯಿತು. ಗಿರಣಿ ಈಗಲೂ ಇದೆ. ‘ಪ್ರಚ್ಛನ್ನ ಶಕ್ತಿ’ಗೆ ಇಂಗ್ಲಿಷಿನಲ್ಲಿ ಈಗಿರುವ ‘ಪೊಟೆನ್ಶಿಯಲ್ ಎನರ್ಜಿ’ ಎಂಬ ಹೆಸರನ್ನು ವಿಲಿಯಂ ರ‍್ಯಾಂಕಿನ್ ಕೊಟ್ಟದ್ದು ಇನ್ನೂ ತಡವಾಗಿ, 1853ರಲ್ಲಿ.

ವಿದ್ಯುತ್ತಿನ ಈ ನಕ್ಷೆ ಬರೀ ಪುಸ್ತಕದ ವಿಷಯ ಅಂದುಕೊಳ್ಳಬೇಡಿ. ಇಲ್ಲಿ ಎತ್ತರ ಅಂದರೆ ವೋಲ್ಟೇಜ್. ಕರೆಂಟ್ ತಂತಿಯ ಮೇಲೆ ಗುಬ್ಬಿ ಆರಾಮಾಗಿ ಕೂರುತ್ತದೆ, ಅದು ಎತ್ತರದ ಬಯಲು. ಎರಡು ಕಾಲೂ ಒಂದೇ ಎತ್ತರದಲ್ಲಿವೆ, ಇಳಿಜಾರಿಲ್ಲ. ಇನ್ನು ಏಪ್ರಿಲ್, ಮೇ ತಿಂಗಳ ಸಿಡಿಲು. ಮರಕ್ಕೆ ಹೊಡೆದ ಸಿಡಿಲು ನೆಲದೊಳಗೆ ಹರಡುತ್ತದೆ. ಮರದ ಬುಡದಲ್ಲಿ ವಿದ್ಯುತ್ತಿನ ದೊಡ್ಡ ಬೆಟ್ಟ, ಸುತ್ತಲೂ ಇಳಿಜಾರು. ಅಲ್ಲಿ ನಿಂತ ಹಸುವಿನ ಮುಂಗಾಲು ಒಂದು ಎತ್ತರದಲ್ಲಿ, ಹಿಂಗಾಲು ಇನ್ನೊಂದರಲ್ಲಿ. ನಡುವೆ ಹೃದಯ. ಮರದಡಿ ನಿಂತ ದನಗಳು ಒಟ್ಟಿಗೇ ಸಾಯುವುದಕ್ಕೆ ಇದು ದೊಡ್ಡ ಕಾರಣ. ಹಸು ಕಾಲು ಅಗಲಿಸಿ ನಿಂತದ್ದೇ ತಪ್ಪು, ಆದರೆ ಅದು ಇನ್ನು ಹೇಗೆ ನಿಲ್ಲಬೇಕು ಪಾಪ. ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳು ಅಂತ ನನ್ನಜ್ಜಿ ಕಲಿಸಿದ್ದಳು. ಹೇಳಿ, ಬೇಡ ಅನ್ನುವುದಿಲ್ಲ. ಮನೆಯೊಳಗೆ ಓಡಿಹೋಗಿ ಹೇಳಿ. ಬಯಲಲ್ಲಿ ಸಿಕ್ಕಿಬಿದ್ದು ಬೇರೆ ದಾರಿಯೇ ಇಲ್ಲದಿದ್ದರೆ ಮರದಿಂದ ದೂರ, ಎರಡೂ ಪಾದ ಜೋಡಿಸಿ, ಕುಕ್ಕರುಗಾಲಲ್ಲಿ ಕೂತು ಹೇಳಿ.

ಇನ್ನು ನನ್ನ ಬಾಟಲಿ. ಲೇಹ್‌ನಲ್ಲಿ ಆ ರಾತ್ರಿ ನಿದ್ದೆ ಬರಲಿಲ್ಲ. ಎತ್ತರದ ಗಾಳಿಯೂ ಕಾರಣ ಇರಬಹುದು.

ನಿಂತ ನೀರಿನ ಮೈ ಯಾಕೆ ಮಟ್ಟಸವಾಗಿರುತ್ತದೆ? ಒಂದು ಬದಿಗೆ ನೀರು ಎತ್ತರವಾದರೆ ಅಲ್ಲಿ ಇಳಿಜಾರು ಆಯಿತು, ಬಲ ಹುಟ್ಟಿತು, ನೀರು ಹರಿದು ಸರಿಹೋಯಿತು. ನೀರಿನ ಮೈಯೇ ಒಂದು ಸಮಎತ್ತರದ ಗೆರೆ. ಆದರೆ ಇದು ನಿಂತ ಗಾಡಿಯ ಮಾತು. ನನ್ನ ಗಾಡಿ ಉರುಳುತ್ತಿತ್ತು. ರಸ್ತೆಯ ಇಳಿಜಾರಿನ ಬಲ ಗಾಡಿಯನ್ನೂ ನೀರನ್ನೂ ಒಂದೇ ರೀತಿ ಮುಂದಕ್ಕೆ ಓಡಿಸುತ್ತಿತ್ತು. ನೀರು ಬಾಟಲಿಯ ಮುಂದಿನ ತುದಿಗೆ ಓಡಬೇಕು ಅನ್ನುವಷ್ಟರಲ್ಲಿ ಬಾಟಲಿಯೂ ಅಷ್ಟೇ ಜೋರಾಗಿ ಓಡುತ್ತಿತ್ತು. ಹಗ್ಗ ಕಡಿದು ಬೀಳುವ ಲಿಫ್ಟಿನಲ್ಲಿ ಮನುಷ್ಯನಿಗೆ ಭಾರ ಗೊತ್ತಾಗದಿರುವುದು ಹೇಗೋ ಇದೂ ಹಾಗೇ. ಬಾಟಲಿಯ ಒಳಗೆ ಕೂತು ನೋಡಿದರೆ ಉದ್ದಕ್ಕೆ ಇಳಿಜಾರೇ ಉಳಿದಿಲ್ಲ. ಟೈರಿನ ತಡೆ ಸ್ವಲ್ಪವೂ ಇಲ್ಲದಿದ್ದರೆ ನೀರಿನ ಮೈ ರಸ್ತೆಗೆ ಸರಿಯಾಗಿ ಸಮಾನಾಂತರ. ತಡೆ ಇರುವುದರಿಂದ ಒಂಚೂರು ವಾಲುತ್ತದೆ, ಕುಲುಕಾಟದಲ್ಲಿ ಅದು ಕಾಣುವುದಿಲ್ಲ. ನನ್ನ ಸಾಕ್ಷಿ ಸುಳ್ಳು ಹೇಳಿರಲಿಲ್ಲ. ಕೇಳಬಾರದ ಹೊತ್ತಿನಲ್ಲಿ ನಾನು ಕೇಳಿದ್ದೆ.

ಮೂರು ದಿನದ ಮೇಲೆ ಅದೇ ದಾರಿಯಲ್ಲಿ ವಾಪಸ್. ಚಾಲಕನನ್ನು ಕಾಡಿ ಬೇಡಿ ಆ ಚೌಕದಲ್ಲಿ ಗಾಡಿ ನಿಲ್ಲಿಸಿದೆ. ಕೈಬ್ರೇಕ್ ಹಾಕಿಸಿದೆ. ಬಾಟಲಿ ಮಲಗಿಸಿ, ನೀರಿನ ಕುಲುಕಾಟ ನಿಲ್ಲುವ ತನಕ ಕಾದೆ. 20 ಸೆಂಟಿಮೀಟರ್ ಬಾಟಲಿ, 50ಕ್ಕೆ 1ರ ಇಳಿಜಾರು ಇದ್ದರೆ 4 ಮಿಲಿಮೀಟರ್ ವ್ಯತ್ಯಾಸ ಬರಬೇಕು. ‘ಏರು’ ಕಾಣುವ ಕಡೆಯ ತುದಿಯಲ್ಲಿ ನೀರು ಜಾಸ್ತಿ ನಿಂತಿತ್ತು, ಎದ್ದು ಕಾಣುವಷ್ಟು. ತೋರಿಸೋಣ ಅಂತ ಹಿಂದೆ ತಿರುಗಿದೆ. ಐದೂ ಜನ ಗಾಢ ನಿದ್ದೆಯಲ್ಲಿದ್ದರು.